ಶಿಬಿರಾಗ್ನಿ ಭಾವ

ಜವಳಗಿರಿ ಕಾಡಿನ ಹುಲ್ಲು ಒಣಗಿ ಹಪ್ಪಳವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಭಾವನಿಗೆ ಚಳಿ ಶುರುವಾಗುತ್ತದೆ. ಡಿಸೆಂಬರಿನಲ್ಲಿ ತಮಿಳುನಾಡಿನ ತಳಿ ಕಡೆ ನಮಗೆ ಹಲ್ಲು ಕಟಕಟ ಎನ್ನುವಾಗ ಅವರು ಬೆಂಗಳೂರಿನಲ್ಲಿ ಕಂಬಳಿ ಹೊದ್ದಿರುತ್ತಾರೆ. ಮಾರ್ಚ್ ಬಂತೋ, ಶನಿವಾರ ಸಂಜೆ ಆನೇಕಲ್ ದಾಟಿ ಹಾಜರ್: ನಾಲ್ವರು ಗೆಳೆಯರು, ಒಂದು ಗಿಟಾರು, ಮಸಾಲೆ ಹಚ್ಚಿದ ಕೋಳಿ. “ಕ್ಯಾಂಪ್‌ಫೈರ್ ಇಲ್ದಿದ್ರೆ ಹಳ್ಳಿಗ್ಯಾಕೆ ಬರಬೇಕು?”

ಬೆಂಕಿ ಹಚ್ಚಬೇಡಿ ಎನ್ನುವ ಫಲಕ ಕಾಡಂಚಿನಲ್ಲಿದೆ. ಅದು ತಮಿಳಿನಲ್ಲಿದೆ, ಭಾವನಿಗೆ ತಮಿಳು ಬಾರದು, ಆದ್ದರಿಂದ ಅವರಿಗೆ ಅನ್ವಯವಾಗದು. ಮೇಲಾಗಿ ನಮ್ಮ ಹೊಲ ಪಟ್ಟಾ ಜಮೀನು. ಹೊಲದ ಬದುವಿನಿಂದ ಲಂಟಾನದ ಪೊದೆಗೆ ಹತ್ತು ಮಾರು. ಅಲ್ಲಿಂದಾಚೆ ಎಲ್ಲಾ ಕಾಡೇ. ಕಿಡಿಗೆ ಪಟ್ಟಾ ಓದಲು ಬರುತ್ತದೆಯೇ ಎಂದು ಕೇಳಿದರೆ ನಕ್ಕುಬಿಟ್ಟರು.

2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತದ್ದನ್ನು ನೆನಪಿಸಿದೆ. ಅರೆಗಳಿಗೆ ಸುಮ್ಮನಾದರು. “ಅದಕ್ಕೇ ನೋಡು, ನಾನು ಬೆಟ್ಟ ಹತ್ತೋದೇ ಇಲ್ಲ.”

ಗಾಳಿಗೆ ಮರೆ ಎಂದು ಅವರು ಆರಿಸಿದ ಜಾಗ ನಮ್ಮ ರಾಗಿ ಹುಲ್ಲಿನ ಬಣವೆಯ ಬುಡ. ಅಜ್ಜಿ ಮಾತಾಡದೆ ಗುದ್ದಲಿ ಹಿಡಿದು ಬಂದು ಅಲ್ಲೇ ನಿಂತಳು. ಶಿಬಿರ ಉತ್ತ ಹೊಲದ ನಡುವಿಗೆ ವರ್ಗವಾಯಿತು.

ಬೆಂಕಿ ಹೊತ್ತಿದ ಮೇಲೆ ಭಾವನನ್ನು ನೋಡಬೇಕು. ಕೈಯಲ್ಲೊಂದು ಕೋಲು. ಚೆನ್ನಾಗಿ ಉರಿಯುವ ಕೊಳ್ಳಿಯನ್ನು ಎಡಕ್ಕೆ ತಳ್ಳುವುದು, ಅದು ಹೊಗೆಯಾಡಿದರೆ ಬಲಕ್ಕೆ ಎಳೆಯುವುದು. ಪ್ರತಿ ಕೆದಕಿಗೂ ಕಿಡಿಗಳು ಮೇಲೇಳುತ್ತವೆ, ಗೆಳೆಯರ ಮೊಬೈಲುಗಳೂ ಮೇಲೇಳುತ್ತವೆ. ಆನೆ ಬಂದರೆ? “ಬೆಂಕಿ ಕಂಡ್ರೆ ಬರಲ್ಲ ಬಿಡು.” ರಾಗಿ ಕಾಲದಲ್ಲಿ ಬನ್ನೇರುಘಟ್ಟದಿಂದ ಇಳಿದು ಬಂದು, ನಮ್ಮ ಕಾವಲು ಬೆಂಕಿಯ ಪಕ್ಕದಲ್ಲೇ ತೆನೆ ಮೆಲ್ಲುವ ಆನೆಗಳಿಗೆ ಈ ವಿಷಯ ಯಾರೂ ತಿಳಿಸಿಲ್ಲ.

ಹನ್ನೆರಡಕ್ಕೆ ಸಭೆ ಮುಗಿಯಿತು. ಭಾವ ಅರ್ಧ ಬಾಟಲಿ ನೀರು ಚಿಮುಕಿಸಿದರು. ಚುಂಯ್ ಎಂದಿತು. “ಆರ್ತು,” ಎಂದು ಘೋಷಿಸಿ ಒಳಗೆ ಹೋದರು.

ಅಜ್ಜಿ ಎರಡು ಬಿಂದಿಗೆ ನೀರು ತಂದಳು. ಒಂದನ್ನು ಸುರಿದು ಗುದ್ದಲಿಯಿಂದ ಬುಡಮೇಲು ಮಾಡಿದರೆ ಕೆಳಗೆ ಬೇವಿನ ಬೊಡ್ಡೆ ಕೆಂಪಗೆ ಕಣ್ಣು ಬಿಟ್ಟುಕೊಂಡಿತ್ತು. ಇನ್ನೊಂದನ್ನೂ ಸುರಿದು, ಕಲಸಿ, ಕೂಸಿಗೆ ಜ್ವರ ನೋಡುವಂತೆ ಬೂದಿಯ ಮೇಲೆ ಹಿಂಗೈ ಇಟ್ಟಳು. ಮತ್ತೊಂದು ಕಡೆ ಇಟ್ಟಳು. ಆಮೇಲೆ ಮಲಗಿದಳು.

ಬೆಳಿಗ್ಗೆ ಭಾವ ಕೋಲು ಹಿಡಿದು ಆ ಕೆಸರಿನ ಮುಂದೆ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು.

“ಯಾರೋ ಅದು ನೀರು ಹಾಕಿದ್ದು? ಗೆಣಸು ಸುಡೋಕೆ ಅಂತ ಕೆಂಡ ಉಳಿಸಿದ್ದೆ!”