ಜೀರೋನಾ, ಎಂಟಾ, ಹದಿನಾರಾ?

ಅಡುಗೆಮನೆಗೆ ಕಪಾಟು ಮಾಡಿಸುವ ಮನೆಗಳಲ್ಲಿ ಚರ್ಚೆ ಮೊದಲು ಕಾವೇರುವುದು ಲ್ಯಾಮಿನೇಟಿನ ಬಣ್ಣದ ಮೇಲೆ. ನಮ್ಮದೋ ಕೊಳ್ಳೇಗಾಲ, ರೇಷ್ಮೆ ಸೀರೆ ನೇಯುವ ಊರು. ಅರಿಶಿನದ ಹಳದಿಗೂ ನಿಂಬೆಯ ಹಳದಿಗೂ ನಡುವೆ ಇನ್ನೆಷ್ಟು ಹಳದಿಗಳಿವೆ ಎಂದು ಇಲ್ಲಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಣ್ಣದ ಪುಸ್ತಕ ಕಿಟಕಿಯ ಬೆಳಕಿಗೂ ಟ್ಯೂಬ್‌ಲೈಟಿನ ಬೆಳಕಿಗೂ ಓಡಾಡಿತು. ಯಳಂದೂರಿನಿಂದ ಅತ್ತೆಯವರ ಅಭಿಪ್ರಾಯ ಫೋನಿನಲ್ಲಿ ಬಂತು. ಹನೂರಿನಿಂದ ಭಾವಮೈದ ಖುದ್ದಾಗಿ ಬಂದ. ನನ್ನನ್ನೂ ಒಂದು ಮಾತು ಕೇಳಿದರು: ಸ್ವಲ್ಪ ಆ ಕಡೆ ಸರಿದು ಕೂರುತ್ತೀರಾ, ಬೆಳಕು ಅಡ್ಡ ಆಗುತ್ತೆ ಎಂದು.

ದುಡ್ಡೆಲ್ಲ ಪ್ಲೈವುಡ್ಡಿಗೂ ಬಣ್ಣಕ್ಕೂ ಕರಗಿದ ಮೇಲೆ ಉಳಿಯುವ ಚಿಲ್ಲರೆ ಹಿಂಜಿನದು. ಗೃಹಪ್ರವೇಶಕ್ಕೆ ಬಂದವರು ಯಾರೂ ಕಪಾಟಿನೊಳಗೆ ತಲೆ ಹಾಕಿ "ಎಂಥಾ ಒಳ್ಳೇ ಹಿಂಜು!" ಎಂದು ಹೊಗಳಿದ್ದನ್ನು ನಾನಂತೂ ಕೇಳಿಲ್ಲ. ಹಾಗೆ ಯಾರ ಕಣ್ಣಿಗೂ ಬೀಳದ ವಸ್ತುವನ್ನು ಆರಿಸುವ ಹೊಣೆ ಮನೆಯಲ್ಲಿ ಯಾರ ತಲೆಗೆ ಬಂತೆಂದು ಬಿಡಿಸಿ ಹೇಳಬೇಕೆ?

ಹಳೆಯ ಕಪಾಟಿಗೆ ಮನೆಬಾಗಿಲಿಗೆ ಹಾಕುವಂಥ ಪಟ್ಟಿ ಹಿಂಜನ್ನೇ ಬಡಿದಿದ್ದರು. ಒಂದು ಬೆಳಿಗ್ಗೆ ಸಾರಿನ ಪುಡಿಗೆಂದು ಕದ ಎಳೆದೆ. ಕದವೇ ಕೈಗೆ ಬಂತು. ಬಲಗೈಯಲ್ಲಿ ಕದ, ಎಡಗೈಯಲ್ಲಿ ಡಬ್ಬ, ಒಲೆಯ ಮೇಲೆ ಉಕ್ಕುವ ಬೇಳೆ. "ಏನ್ರೀ ಅದು ಸದ್ದು?" ಎಂದು ಹಜಾರದಿಂದ ಕೂಗು ಬಂತು. "ಏನಿಲ್ಲ" ಎಂದೆ. ಕದವನ್ನು ಎದೆಗವಚಿಕೊಂಡು ನಿಂತವನ ಬಾಯಲ್ಲಿ ಆ ಮಾತಿಗೆ ಅಷ್ಟೇನೂ ತೂಕವಿರಲಿಲ್ಲ.

ಆಚಾರ್ರು ಬಂದು ಕದದ ಅಂಚನ್ನು ನನ್ನ ಮೂಗಿನ ಹತ್ತಿರ ತಂದರು. ಪ್ಲೈವುಡ್ ಎಂದರೆ ಮರದ ತೆಳು ಹಾಳೆಗಳು. ಒಂದರ ನಾರು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ನಡುವೆ ಅಂಟು. ಅಂಚಿಗೆ ಹೊಡೆದ ಸ್ಕ್ರೂ ಎರಡು ಹಾಳೆಗಳ ನಡುವೆ ನುಗ್ಗಿ ಅವುಗಳ ಸಂಸಾರ ಒಡೆದಿತ್ತು. ಸೀಳಿನಲ್ಲಿ ಒಂದು ಬೆಂಕಿಕಡ್ಡಿಯೂ ಇಣುಕುತ್ತಿತ್ತು. ಹಿಂದೆ ಯಾರೋ ಫೆವಿಕಾಲ್ ಸವರಿ ತೂರಿಸಿ ಮಾಡಿದ ರಿಪೇರಿ. "ಅಂಚ್ಗ ಹೊಡುದ್ರ ನಿಂತದಾ ಸಾ? ಮೊಕಕ್ಕ ಹೊಡೀಬೇಕು" ಎಂದರು. ಯಾರ ಮೊಕಕ್ಕೆ ಎಂದು ಒಂದು ಕ್ಷಣ ಗಾಬರಿಯಾಯಿತು. ಹಲಗೆಯ ಅಗಲವಾದ ಮೈಗೆ ಸ್ಕ್ರೂ ಕೂತರೆ ಅದು ಹಾಳೆಗಳನ್ನೆಲ್ಲ ಒಟ್ಟಿಗೆ ಕಚ್ಚಿ ಹಿಡಿಯುತ್ತದೆ. ಅದಕ್ಕೆ ಬಟ್ಟಲಿರುವ ಆಟೋ ಹಿಂಜೇ ಸರಿ ಎಂಬುದು ಅವರ ತೀರ್ಪು.

ಅಂಗಡಿಗೆ ಹೋಗಿ ಗತ್ತಿನಿಂದ ಆಟೋ ಹಿಂಜ್ ಕೇಳಿದೆ. "ಯಾವ ಕ್ರ್ಯಾಂಕ್ ಸಾರ್? ಜೀರೋನಾ, ಎಂಟಾ, ಹದಿನಾರಾ?" ಎಂದು ಹುಡುಗ ತಿರುಗಿ ಕೇಳಿದ. "ಒಳ್ಳೇದು ಕೊಡಪ್ಪ" ಎಂದೆ. ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು. ಬಿಲ್ಲಿನ ಹಿಂಬದಿಯಲ್ಲಿ ಗೀಚಿ ತೋರಿಸಿದ. ಕದವು ಕಪಾಟಿನ ಪಕ್ಕದ ಹಲಗೆಯ ಅಂಚನ್ನು ಪೂರ್ತಿ ಮುಚ್ಚಿದರೆ ಜೀರೋ, ಒಂದೇ ಹಲಗೆಯನ್ನು ಎರಡು ಕದಗಳು ಅರ್ಧರ್ಧ ಹಂಚಿಕೊಂಡರೆ ಎಂಟು, ಕದ ಚೌಕಟ್ಟಿನೊಳಗೇ ಕೂತರೆ ಹದಿನಾರು. ಎಲ್ಲವೂ ಹಿಂಜಿನ ತೋಳು ಎಷ್ಟು ಬಾಗಿದೆ ಎಂಬ ಲೆಕ್ಕ. "ನಿಮ್ಮ ಕಪಾಟಿನ ಫೋಟೋ ತೋರ್ಸಿ" ಎಂದ. ನನ್ನ ಫೋನಿನಲ್ಲಿ ಮಾದಪ್ಪನ ಬೆಟ್ಟದ ಫೋಟೋಗಳು ಬೇಕಾದಷ್ಟಿದ್ದವು.

ಹಿಂಜಿಗೆ ಹೆಸರಾದ ಆಸ್ಟ್ರಿಯಾದ ಬ್ಲೂಮ್ ಕಂಪನಿ 1952ರಲ್ಲಿ ಶುರುವಾದದ್ದು ಕುದುರೆ ಲಾಳದ ಮೊಳೆ ಮಾಡುವುದರಿಂದಂತೆ. ಕುದುರೆ ಜಾರದಂತೆ ನೋಡಿಕೊಂಡವರು ಆಮೇಲೆ ಕದ ಕಳಚದಂತೆ ನೋಡಿಕೊಂಡರು. ಯಳಂದೂರಿನ ಅತ್ತೆಯವರಿಗೆ ಇದೆಲ್ಲ ತಮಾಷೆ. ಅವರ ಹಳೆಯ ಮನೆಯ ಬಾಗಿಲಿಗೆ ಹಿಂಜೇ ಇಲ್ಲ. ಕದದ ಮರವೇ ಮೇಲೆ ಕೆಳಗೆ ಗೂಟವಾಗಿ ಚಾಚಿ, ಹೊಸ್ತಿಲಿನ ಕುಳಿಯಲ್ಲಿ ತಿರುಗುತ್ತದೆ. ಕಿರುಗುಟ್ಟಿದರೆ ಒಂದು ತೊಟ್ಟು ಹರಳೆಣ್ಣೆ, ಮುಗಿಯಿತು. ಆ ಊರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳನ್ನೇ ಒಂದರೊಳಗೊಂದು ತೂಗುಬಿಟ್ಟಿದ್ದಾರೆ. ಅಂಟೂ ಇಲ್ಲ, ಸ್ಕ್ರೂವೂ ಇಲ್ಲ. ಅಂಥ ಊರಿನವರ ಮುಂದೆ ಕ್ರ್ಯಾಂಕಿನ ಮಾತೆತ್ತುವುದು ಹೇಗೆ?

ಆಚಾರ್ರ ಕೆಲಸ ಮಾತ್ರ ನೋಡುವಂತಿತ್ತು. ಹಿಂಜಿನ ಬಟ್ಟಲು 35 ಮಿಲಿಮೀಟರ್ ಅಗಲ, ಹತ್ತಿರ ಹತ್ತಿರ 12 ಮಿಲಿಮೀಟರ್ ಆಳ. ನಮ್ಮ ಪ್ಲೈ 18. ಉಳಿಯುವುದು ಆರೇ ಆರು. ಡ್ರಿಲ್ ಸ್ವಲ್ಪ ಜಾಸ್ತಿ ಇಳಿದರೂ ಅದರ ಮೂತಿ ಆಚೆ ಬದಿಗೆ, ಅಂದರೆ ಮೂರು ಊರಿನವರು ಕೂಡಿ ಆರಿಸಿದ ಬಣ್ಣದ ನಟ್ಟನಡುವೆ, ಹೊರಬರುತ್ತದೆ. ಅವರು ಮತ್ತೆ ಮತ್ತೆ ನಿಲ್ಲಿಸಿ, ಹೊಟ್ಟು ಊದಿ, ಬಟ್ಟಲನ್ನೇ ಗುಳಿಯಲ್ಲಿಟ್ಟು ಉಗುರಿನಿಂದ ಅಂಚು ಸವರಿ ನೋಡುತ್ತಿದ್ದರು. ಗಿಡ್ಡ ಕದಕ್ಕೆ 2 ಹಿಂಜ್ ಸಾಕು; ಆಳೆತ್ತರದ್ದಕ್ಕೆ 4 ಬೇಕು.

ಕದ ಏರಿಸಿದ ಮೇಲೆ ತಿದ್ದುಪಡಿ. ತೋಳಿನ ಒಂದು ಸ್ಕ್ರೂ ಕದವನ್ನು ಎಡಕ್ಕೆ ಬಲಕ್ಕೆ, ಇನ್ನೊಂದು ಒಳಕ್ಕೆ ಹೊರಕ್ಕೆ ಸರಿಸುತ್ತದೆ. ಪ್ಲೇಟಿನದು ಸಡಿಲಿಸಿದರೆ ಮೇಲಕ್ಕೆ ಕೆಳಕ್ಕೆ. ನಮ್ಮ ತಾಲ್ಲೂಕೂ ಇಂಥದೇ ಒಂದು ಕದ. 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಚೌಕಟ್ಟಿನಲ್ಲಿತ್ತು. ಅಲ್ಲಿಂದ ಕಳಚಿ ಮೈಸೂರಿಗೆ ಹಾಕಿದರು, 1997ರಲ್ಲಿ ಚಾಮರಾಜನಗರಕ್ಕೆ. ಆಮೇಲೆ ಹನೂರನ್ನೇ ಬೇರೆ ತಾಲ್ಲೂಕು ಮಾಡಿದರು. ಅಂದಿನಿಂದ ಭಾವಮೈದ ಬಂದಾಗಲೆಲ್ಲ ಪರಸ್ಥಳದ ನೆಂಟನ ಮರ್ಯಾದೆ ಬಯಸುತ್ತಾನೆ.

ಬಣ್ಣ ನೆಂಟರಿಗೆ, ಹಿಂಜು ಮನೆಯವರಿಗೆ ಎಂಬುದು ನನಗೀಗ ಖಾತ್ರಿಯಾಗಿದೆ. ಬಣ್ಣವನ್ನು ಹಬ್ಬಕ್ಕೊಮ್ಮೆ ಯಾರಾದರೂ ನೋಡುತ್ತಾರೆ. ಹಿಂಜು ದಿನಾ ಬೆಳಗಾದರೆ ಸಾರಿನ ಪುಡಿಗೆ, ಸಕ್ಕರೆಗೆ, ಒಗ್ಗರಣೆಗೆ ಮೈ ಬಾಗಿಸುತ್ತದೆ. ಅದಕ್ಕೇ ಚೂರು ದುಬಾರಿಯಾದರೂ ಸಾಫ್ಟ್ ಕ್ಲೋಸ್ ತಂದಿದ್ದೆ. ಬಿಲ್ಲು ನೋಡಿ ಮನೆಯಲ್ಲಿ ಗುಸುಗುಸು ಆಯಿತು.

ಇದರಲ್ಲಿ ನನಗೊಂದು ನಷ್ಟವೂ ಉಂಟು. ಮೊದಲೆಲ್ಲ ಸಿಟ್ಟು ಬಂದರೆ ಕದ ಧಡಾರನೆ ಬಡಿದು ಅಸಮಾಧಾನ ಸೂಚಿಸುತ್ತಿದ್ದೆ. ಈಗ ಎಷ್ಟೇ ರೋಷದಿಂದ ತಳ್ಳಿದರೂ ಕೊನೆಯ ಎರಡು ಬೆರಳಗಲದಲ್ಲಿ ಕದ ತಡೆದು, ಸಾವಕಾಶವಾಗಿ ಮುಚ್ಚಿಕೊಳ್ಳುತ್ತದೆ. ಮೊನ್ನೆ ಹೆಂಡತಿ ಫೋನಿನಲ್ಲಿ ಯಳಂದೂರಿಗೆ ಹೇಳುತ್ತಿದ್ದಳು: "ಇವ್ರಿಗ ಈಚೀಚೆಗೆ ಬಾಳ ತಾಳ್ಮೆ ಬಂದದ ಕನವ್ವ." ಕೊಟ್ಟ ದುಡ್ಡಿಗೆ ಇದಕ್ಕಿಂತ ಹೆಚ್ಚಿನದನ್ನು ಯಾವ ಹಿಂಜಿನಿಂದ ಕೇಳಲಾದೀತು?