ಹನ್ನೆರಡನೇ ಕಲಮಿನಲ್ಲಿ ನನಗೊಂದು ಜಾಗ

ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಎಣಿಸಿಕೊಳ್ಳುವಾಗ ಬೆಂಗಳೂರಿನ ಮನೆ ಮಾಲೀಕರಿಗೆ ಇರುವ ಲೆಕ್ಕಪಾಂಡಿತ್ಯ, ವಾಪಸು ಕೊಡುವಾಗ ಇನ್ನೂ ಹೆಚ್ಚುತ್ತದೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದರು. ಊರ ರೂಢಿ, ಒಪ್ಪಿದೆ. ಆಮೇಲೆ ಗೋಡೆಗೆ ಹೊಡೆದ ಮೊಳೆ, ಬಚ್ಚಲಿನ ನಲ್ಲಿ, ಕೊನೆಗೆ ‘ಇತರೆ’. ಅಡ್ವಾನ್ಸಿನ ಅರ್ಧ ಈ ‘ಇತರೆ’ಯಲ್ಲೇ ಕರಗಿಹೋಯಿತು.

ಕಾನೂನು ಏನನ್ನುತ್ತದೆ ಎಂದು ಕೇಳಹೊರಟೆ. ನಮ್ಮಲ್ಲಿ ಕಾನೂನು ಗೊತ್ತಿಲ್ಲದವರೇ ಇಲ್ಲ. ಇಸ್ತ್ರಿ ಅಂಗಡಿಯವನು ‘ಸ್ಟೇಷನ್ನಿಗೆ ಹೋಗಿ ಸಾರ್’ ಎಂದ. ಭಾವಮೈದುನ ಕನ್ಸ್ಯೂಮರ್ ಕೋರ್ಟು ಎಂದ. ನಮ್ಮ ಷಡ್ಡಕರಂತೂ ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಕಣ್ಣು ಮುಚ್ಚಿಕೊಂಡು ಹೇಳಿದರು. ಸ್ವಂತ ತಮ್ಮನ ಮೇಲೆ ಪಾಲಿನ ದಾವೆ ಹಾಕಿ, ವಾಯಿದೆಗಳಿಗೆ ತಿರುಗುತ್ತಲೇ ತಲೆ ನರೆಸಿಕೊಂಡವರು ಇವರು.

ವಕೀಲರನ್ನೇ ಕಾಣೋಣವೆಂದರೆ, ಅವರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಹಾಗಿದೆ. ಯಾವುದರಲ್ಲಿ ಪರಿಣತರೆಂದು ಬೋರ್ಡಿನಲ್ಲಿ ಬರೆಸುವಂತೆಯೂ ಇಲ್ಲ. ಎದ್ದು ಕಂಡ ಬೋರ್ಡಿನ ಕೆಳಗೆ ನುಗ್ಗಿದೆ. ಅವರು ಮೋಟಾರು ಅಪಘಾತದ ವಕೀಲರು. ಕತೆಯನ್ನೆಲ್ಲ ಕೇಳಿ, ‘ಮನೆ ಖಾಲಿ ಮಾಡುವಾಗ ಗಾಯಗೀಯ ಏನಾದರೂ?’ ಎಂದು ಆಸೆಯಿಂದ ವಿಚಾರಿಸಿದರು. ಇಲ್ಲವೆಂದಾಗ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಲ್ಲಿ ಪುಕ್ಕಟೆ ಎಂದರು. ಆ ಮಾತು ಕಿವಿಗೆ ಬಿದ್ದ ಮೇಲೆ ಕಾಲು ನಿಲ್ಲುತ್ತದೆಯೇ?

ಅಲ್ಲಿದ್ದ ಸ್ವಯಂಸೇವಕಿ ಗೋಡೆಯ ಕಡೆ ಕೈ ತೋರಿಸಿದರು. 1987ರ ಕಾಯ್ದೆಯ 12ನೇ ಕಲಂ, ಉಚಿತ ವಕೀಲರಿಗೆ ಯಾರು ಅರ್ಹರು ಎಂಬ ಪಟ್ಟಿ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಮಕ್ಕಳು. ನಾನಲ್ಲ. ಬಂಧನದಲ್ಲಿರುವವರು. ಸದ್ಯಕ್ಕಂತೂ ಅಲ್ಲ. ಕೈಗಾರಿಕಾ ಕಾರ್ಮಿಕರು. ನಾನು ಲೆಕ್ಕ ಬರೆಯುವವನು. ಪ್ರವಾಹ ಸಂತ್ರಸ್ತರು ಎಂಬಲ್ಲಿ ಕಣ್ಣು ನಿಂತಿತು.

‘ಮೇಡಂ, ಹೋದ ಮಳೆಗಾಲ ಅದೇ ಮನೆಯ ಅಡುಗೆಮನೆ ಸೋರಿತ್ತು. ಕುಕ್ಕರನ್ನೂ ನೀರು ಹಿಡಿಯಲು ಇಟ್ಟಿದ್ದೆವು. ಪ್ರವಾಹ ಅಂತ ಬರೆಯಬಹುದಾ?’

‘ತಹಶೀಲ್ದಾರರು ಏನಾದರೂ ಘೋಷಿಸಿದ್ದರಾ?’

‘ಇಲ್ಲ. ನನ್ನ ಹೆಂಡತಿ ಘೋಷಿಸಿದ್ದಳು.’

ಆಕೆ ನಗಲಿಲ್ಲ. ಮುಂದಿನ ಪದ ಬರ. ಬೇಸಿಗೆಯಲ್ಲಿ ಆ ಮನೆಯ ಬೋರ್‌ವೆಲ್ ಒಣಗಿ ಟ್ಯಾಂಕರಿಗೆ ಕಾದದ್ದನ್ನು ವಿವರಿಸಿದೆ. ಒಂದೇ ವರ್ಷದಲ್ಲಿ ನೆರೆ, ಬರ ಎರಡನ್ನೂ ಒದಗಿಸಿದ ಮಾಲೀಕರು ಇನ್ನೆಲ್ಲಿದ್ದಾರೆ? ಭೂಕಂಪವೂ ಪಟ್ಟಿಯಲ್ಲಿತ್ತು. ಮೇಲಿನ ಮನೆಯವರ ಗ್ರೈಂಡರ್ ಆನ್ ಆದಾಗ ನಮ್ಮ ಲೋಟಗಳು ಕಪಾಟಿನೊಳಗೆ ಸರಿದಾಡುತ್ತಿದ್ದುದನ್ನು ಅಭಿನಯಿಸಿಯೂ ತೋರಿಸಿದೆ. ಆಕೆ ಪೆನ್ನಿನ ಮುಚ್ಚಳ ಹಾಕಿದರು. ಕಡೆಯ ಸಾಲು, ವಾರ್ಷಿಕ ಆದಾಯ ಮೂರು ಲಕ್ಷದೊಳಗೆ. ನನ್ನ ಸಂಬಳ ಜಾಸ್ತಿಯಾಯಿತೆಂದು ಜೀವಮಾನದಲ್ಲಿ ಮೊದಲ ಬಾರಿಗೆ ಮರುಗಿದೆ.

‘ಕರಾರು ಪತ್ರ ನಿಮ್ಮ ಮನೆಯವರ ಹೆಸರಲ್ಲಿದೆಯಾ? ಹೆಂಗಸರಿಗೆ ಆದಾಯ ಮಿತಿ ಇಲ್ಲ.’

ಯಜಮಾನ ಎಂದಮೇಲೆ ನನ್ನ ಹೆಸರೇ ಇರಬೇಕೆಂದು ಹಟ ಹಿಡಿದು ಮಾಡಿಸಿದ ಕರಾರು ಅದು.

ಪಕ್ಕದಲ್ಲೊಬ್ಬರು ಅಜ್ಜಿ ಕೂತಿದ್ದರು. ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಅವನು ಬೀಗ ಬದಲಾಯಿಸಿದ್ದ. ಬಿಡಿಸಿಕೊಡುತ್ತೇನೆಂದು ದಲ್ಲಾಳಿಯೊಬ್ಬ ಓಲೆ ಮಾರಿಸಿದ್ದನಂತೆ. ಹಿರಿಯ ನಾಗರಿಕರ ಕಾಯ್ದೆ ಇದೆ, ಎ.ಸಿ. ಸಾಹೇಬರ ಮುಂದೆ ಅರ್ಜಿ ಹಾಕೋಣ, ನೀವು ಏನೂ ಕೊಡಬೇಕಿಲ್ಲ ಎಂದು ಸ್ವಯಂಸೇವಕಿ ಎಷ್ಟು ಹೇಳಿದರೂ, ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಲೇ ಇದ್ದರು. ಬಸ್ಸಿನ ಸೊನ್ನೆ ಟಿಕೆಟ್ಟಿನ ಹಿಂದೆ 15100 ಎಂಬ ಸಹಾಯವಾಣಿ ನಂಬರು ಬರೆಸಿಕೊಂಡು, ಅದನ್ನೂ ಅದೇ ಗಂಟಿಗೆ ಸೇರಿಸಿದರು. ಓಲೆ ಹೋಗುವ ಮೊದಲೇ ಈ ನಂಬರನ್ನು ಅವರ ಕೈಗೆ ಕೊಡಲು ಇಷ್ಟು ದೊಡ್ಡ ಊರಿನಲ್ಲಿ ಒಬ್ಬರಿಗೂ ಆಗಲಿಲ್ಲವೇ? ದಲ್ಲಾಳಿಗೆ ಮಾತ್ರ ವಿಳಾಸ ಸಿಕ್ಕಿತ್ತು. ನನ್ನ ಗ್ರೈಂಡರ್ ಭೂಕಂಪವನ್ನು ಅಲ್ಲಿಗೇ ನಿಲ್ಲಿಸಿದೆ.

ಉಚಿತ ವಕೀಲರು ನನಗೆ ಸಿಗಲಿಲ್ಲ. ಲೋಕ ಅದಾಲತ್ತಿಗೆ ಮಾತ್ರ, ದಾವೆ ಹೂಡುವ ಮೊದಲೇ ಯಾರು ಬೇಕಾದರೂ ಅರ್ಜಿ ಕೊಡಬಹುದಂತೆ, ಕೋರ್ಟ್ ಶುಲ್ಕವೂ ಇಲ್ಲ. ಕೊಟ್ಟೆ. ನೋಟೀಸು ಹೋಯಿತು, ಮಾಲೀಕರು ಬಂದರು. ‘ಇತರೆ ಅಂದರೇನು, ಬಿಡಿಸಿ ಹೇಳಿ’ ಎಂದು ಕೇಳಿದಾಗ ಅವರಿಗೆ ಕೆಮ್ಮು ಬಂತು. ಪೇಂಟಿಂಗ್, ನಲ್ಲಿ ಬಿಟ್ಟು ಮಿಕ್ಕದ್ದು ವಾಪಸು ಎಂದು ರಾಜಿಯಾಯಿತು. ಇಬ್ಬರೂ ರುಜು ಹಾಕಿದೆವು. ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮಾಲೀಕರು ಮೆಲ್ಲಗೆ, ‘ಮಹಡಿ ಮೇಲಿನ ಬಾಡಿಗೆಯಮ್ಮ ಖಾಲಿ ಮಾಡ್ತಿಲ್ಲ ಸಾರ್. ನನಗೂ ಇಲ್ಲಿ ಪುಕ್ಕಟೆ ವಕೀಲರು ಸಿಗ್ತಾರಾ?’ ಎಂದರು. ಹನ್ನೆರಡನೇ ಕಲಮನ್ನು ಮೊದಲಿಂದ ಕೊನೆಯವರೆಗೆ ಗಂಟಲು ಸರಿಪಡಿಸಿಕೊಂಡು ಒಪ್ಪಿಸಿದೆ.

‘ನಿಮಗಿಲ್ಲ. ಆಕೆಗೆ ಸಿಗುತ್ತಾರೆ’ ಎಂದೆ.