ಮಾನ್ಯ ಬೈಲಿ ಸೇತುವೆಯವರ ಸನ್ನಿಧಾನಕ್ಕೆ

ಸಾಗರ ತಾಲ್ಲೂಕು ವರದಮೂಲದಿಂದ ಕಾಲುಸಂಕ ದಾಟುವವನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಪುನರ್ವಸು ಮಳೆಯ ಎರಡನೇ ಪಾದದವರೆಗೆ ಎಲ್ಲ ಕ್ಷೇಮ. ಮೂರನೇ ಪಾದದ ಸಮಾಚಾರ ಹಳ್ಳಕ್ಕೆ ಬಿಟ್ಟದ್ದು.

ತಮ್ಮ ಕೀರ್ತಿ ನಮ್ಮೂರಿಗೂ ಮುಟ್ಟಿದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಜಾರಿ ಚೂರಲ್‌ಮಲೆಯ ಸೇತುವೆ ಕೊಚ್ಚಿಹೋಯಿತು. ನಮ್ಮ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಮಳೆಯಲ್ಲೇ ನಿಂತು ತಮ್ಮನ್ನು ಜೋಡಿಸಿದರು. 190 ಅಡಿ ಉದ್ದ, 24 ಟನ್ ಹೊರುವ ಬಲ, ಸುಮಾರು 31 ಗಂಟೆ. ಮೇಜರ್ ಸೀತಾ ಶೆಲ್ಕೆ ತಮ್ಮ ಮೇಲೆ ನಿಂತಿದ್ದ ಚಿತ್ರ ಕಂಡು ಕೈ ಮುಗಿದೆವು. ಆ ಯೋಧರ ವಿಷಯದಲ್ಲಿ ನಮ್ಮದು ಒಂದಕ್ಷರದ ತಕರಾರೂ ಇಲ್ಲ. ತಕರಾರೇನಿದ್ದರೂ ತಮ್ಮ ಮೇಲೆ.

ಮೊದಲನೆಯದು, ತಾವು ಒಂದು ಕಚೇರಿಯ ಮಾನ ಕಳೆದಿರಿ. ನಮ್ಮ ಇಪ್ಪತ್ತು ಅಡಿ ಸಂಕದ ಅರ್ಜಿ ಅಲ್ಲಿ ಎಷ್ಟೋ ಮಳೆಗಾಲಗಳಿಂದ ಬೆಚ್ಚಗೆ ಮಲಗಿದೆ. ಕೇಳಿದಾಗಲೆಲ್ಲ ‘ಎಸ್ಟಿಮೇಟ್ ಮೇಲಕ್ಕೆ ಹೋಗಿದೆ’ ಎನ್ನುತ್ತಾರೆ. ಹಳ್ಳ ಕೆಳಕ್ಕೆ ಹೋಗುತ್ತದೆ, ಕಡತ ಮೇಲಕ್ಕೆ ಹೋಗುತ್ತದೆ. ಇಷ್ಟು ವರ್ಷದಲ್ಲಿ ಇಬ್ಬರೂ ಎಲ್ಲೂ ಭೇಟಿಯಾಗಿಲ್ಲ. ಅವರ ಆ ನೆಮ್ಮದಿಯನ್ನು ಒಂದೂಕಾಲು ದಿನದಲ್ಲಿ ಕದಡುವುದು ದೊಡ್ಡವರಾದ ತಮಗೆ ತಕ್ಕುದೇ?

ನಮ್ಮ ಸಂಕದ ಪರಿಚಯ ಮಾಡಿಕೊಡಬೇಕು. ಎರಡು ಅಡಿಕೆ ಮರ, ಅಡ್ಡಕ್ಕೆ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು ಗಳ. ಜೂನ್ ಮುಗಿಯುವುದರೊಳಗೆ ಮರದ ಮೇಲೆ ಹಾವಸೆ ಕಟ್ಟುತ್ತದೆ. ಮಕ್ಕಳು ಚಪ್ಪಲಿಯನ್ನು ಒಂದು ಕೈಯಲ್ಲಿ ಹಿಡಿದು, ಕೊಡೆಯನ್ನು ಕಂಕುಳಲ್ಲಿ ಮಡಚಿಟ್ಟು, ನೆನೆಯುತ್ತಲೇ ದಾಟುತ್ತಾರೆ. ಕೊಡೆ ಬಿಚ್ಚಿದರೆ ಗಾಳಿ ಎಳೆಯುತ್ತದೆ. ಆಚೆ ದಡ ಮುಟ್ಟಿದ ಮಗು ‘ಕೂ’ ಅನ್ನುವವರೆಗೆ ಈಚೆ ದಡದ ತಾಯಿ ಕದಲುವುದಿಲ್ಲ.

ಎರಡನೆಯದು, ತಮ್ಮನ್ನು ಬರಮಾಡಿಕೊಳ್ಳಲು ಬೇಕಾದ ಅರ್ಹತೆ. 2022ರ ಆಗಸ್ಟ್‌ನಲ್ಲಿ ಘಟ್ಟದ ಕೆಳಗೆ, ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ, ಎರಡನೇ ತರಗತಿಯ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಕೊಚ್ಚಿಹೋದಳು. ಒಂದು ಜೀವಕ್ಕೆ ತಾವು ಬರುವ ಪದ್ಧತಿ ಇಲ್ಲವೆಂದು ಆಗ ತಿಳಿಯಿತು. 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದ ಶಿರೂರಿನ ಗುಡ್ಡ ಕುಸಿದಾಗ ಸೇನೆ ಅಲ್ಲಿಗೆ ಮುಟ್ಟಿದ್ದು ಐದು ದಿನದ ಮೇಲೆ, ಹುಡುಕುವುದಕ್ಕೆ. ಕರೆಯದೆ ಬರುವುದು ಅವರ ಕ್ರಮವಲ್ಲ, ಕರೆಯಬೇಕಾದವರು ಬೇರೆ. ಆದರೆ ಗುಡ್ಡ ಕಡಿಯುವಾಗ ಯಾರಾದರೂ ಕರೆದು ಕೇಳಬಾರದಿತ್ತೆ?

ಮೂರನೆಯದನ್ನು ಹೇಳಲು ನಾಚಿಕೆ. 2025ರ ನವೆಂಬರ್ ಕೊನೆಗೆ ‘ಆಪರೇಷನ್ ಸಾಗರ್ ಬಂಧು’ ಎಂಬ ಹೆಸರು ಕೇಳಿ ಸಾಗರದವರಾದ ನಾವು, ಅಂತೂ ಬಂಧು ಬಂದರಲ್ಲ ಎಂದು ಅಂಗಳ ಗುಡಿಸಿದೆವು. ದಿತ್ವಾ ಚಂಡಮಾರುತದಲ್ಲಿ ನೊಂದ ಶ್ರೀಲಂಕಾಕ್ಕೆ ತಾವು ಹೋಗಿದ್ದಿರಿ. ಹೋಗಬೇಕಾದದ್ದೇ. ನೆಂಟರು ದಾರಿಯಲ್ಲಿ ಹಾಯ್ದು ಹೋದರೂ ಸಂತೋಷವೇ.

ನಮಗಿಂತ ನಮ್ಮೂರ ನೀರಿಗೇ ಪುಣ್ಯ ಜಾಸ್ತಿ. ಇಲ್ಲಿ ಕೊಳದಲ್ಲಿ ಹುಟ್ಟುವ ವರದೆ ಬನವಾಸಿ ಬಳಸಿ ಗಳಗನಾಥದ ಬಳಿ ತುಂಗಭದ್ರೆ ಸೇರುತ್ತಾಳೆ. 2019ರ ಆಗಸ್ಟ್‌ನಲ್ಲಿ ಆ ಹೊಳೆ ಉಕ್ಕಿ ಹಂಪಿಯೆದುರಿನ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಬಿದ್ದಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿತು. ಅದರ ದರ್ಶನ ವರದೆಯ ನೀರಿಗೆ ಆಯಿತು, ವರದಮೂಲಕ್ಕೆ ಆಗಲಿಲ್ಲ. ಆಗದಿದ್ದದ್ದೂ ಒಳ್ಳೆಯದೇ ಇರಬಹುದು: 2006ರಿಂದ ಮಾಡಿದ ವಿಮಾನ ನೆರವಿಗೆಂದು ಕೇರಳಕ್ಕೆ 2024ರಲ್ಲಿ ಕೇಂದ್ರ ಕಳಿಸಿದ ಬಿಲ್ಲು 132.62 ಕೋಟಿ ರೂಪಾಯಿ. ನಮ್ಮ ಪಂಚಾಯಿತಿಗೆ ಅಷ್ಟು ಚಿಲ್ಲರೆ ಇರುವುದಿಲ್ಲ.

ತಮ್ಮ ಮನೆತನದ ಬಗ್ಗೆಯೂ ವಿನಯದಿಂದ ಒಂದು ಮಾತು. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕು ದಾಟಿಸಲೆಂದು ಡೊನಾಲ್ಡ್ ಬೈಲಿ ತಮ್ಮನ್ನು ಹಡೆದರು; ಅಲ್ಲಿಗೆ ಸೇನೆಯೇ ತಮ್ಮ ಮನೆ. ಲೋಕದ ಬಿಸಿಯೇರಿಸುವ ಒಟ್ಟು ಹೊಗೆಯಲ್ಲಿ ಸೇನೆಗಳ ಪಾಲು ಸುಮಾರು ಶೇ 5.5 ಎಂದು 2022ರ ಒಂದು ಅಂದಾಜು. ಅದು ಅಂದಾಜೇ, ಏಕೆಂದರೆ 1997ರ ಕ್ಯೋಟೋ ಒಪ್ಪಂದ ಸೇನೆಗಳಿಗೆ ವಿನಾಯಿತಿ ಕೊಟ್ಟಿತು, 2015ರ ಪ್ಯಾರಿಸ್ ಒಪ್ಪಂದ ಲೆಕ್ಕವನ್ನು ಅವರವರ ಇಚ್ಛೆಗೆ ಬಿಟ್ಟಿತು. ಮೋಡ ಹದಗೆಡಿಸುವ ಕೈಯೇ ಹಗ್ಗವನ್ನೂ ಎಸೆಯುತ್ತದೆ. ಹಗ್ಗ ಹಿಡಿದವರು ಲೆಕ್ಕ ಕೇಳಬಾರದು.

ಕೊನೆಯದು, ಎಲ್ಲಕ್ಕಿಂತ ದೊಡ್ಡದು: ತಾವಿದ್ದೀರಿ ಎಂಬ ಧೈರ್ಯ. ಸ್ಪೇನ್ 2005ರಲ್ಲೇ ಇಂಥ ಆಪತ್ತಿಗೆಂದು ಸೇನೆಯಲ್ಲೊಂದು ಪಡೆ ಕಟ್ಟಿಕೊಂಡಿತು. ಆಸ್ಟ್ರೇಲಿಯಾದ 2023ರ ರಕ್ಷಣಾ ವರದಿ, ಎಲ್ಲ ದಾರಿ ಮುಚ್ಚಿದ ಮೇಲಷ್ಟೇ ಸೈನಿಕರನ್ನು ಕರೆಯಿರಿ ಎಂದಿತು. ನಮ್ಮಲ್ಲಿಯೂ ಪುಸ್ತಕದ ಪ್ರಕಾರ ತಾವು ನಾಗರಿಕ ಆಡಳಿತಕ್ಕೆ ‘ನೆರವು’. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಇಲ್ಲಿ ಅನ್ನವನ್ನೇ ಮಾಡದೆ ಎಲೆ ಹಾಕಿ ಉಪ್ಪಿನಕಾಯಿಗೆ ಕಾಯುತ್ತಾರೆ. ಚರಂಡಿ ಬಿಡಿಸದಿದ್ದರೆ, ಧರೆ ಕಡಿದರೆ, ಮೋರಿ ಕಟ್ಟಿಕೊಂಡರೆ, ‘ಹೆಚ್ಚು ಕಡಿಮೆಯಾದರೆ ಮಿಲಿಟರಿ ಇದೆಯಲ್ಲ ಮಾರಾಯ್ರೆ!’ ಸುಳ್ಯದ ಗಿರೀಶ್ ಭಾರದ್ವಾಜರು ಸಮವಸ್ತ್ರವಿಲ್ಲದೆ, ಯಾರಾದರೂ ಸಾಯುವುದನ್ನು ಕಾಯದೆ, ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಪಡೆದರು. ಅವರ ಕೆಲಸ ನೋಡಿಯೂ ಯಾರಿಗೂ ಆತುರ ಹುಟ್ಟಲಿಲ್ಲ. ತಮ್ಮ ಭರವಸೆ ಅಷ್ಟು ಗಟ್ಟಿ.

ಆದ್ದರಿಂದ ವಿನಮ್ರ ಪ್ರಾರ್ಥನೆ. ತಮ್ಮ ಒಂದು ಪ್ಯಾನೆಲ್ ಹತ್ತು ಅಡಿ ಉದ್ದವಂತೆ. ಎಡಬದಿಗೆರಡು, ಬಲಬದಿಗೆರಡು, ನಾಲ್ಕು ಕೊಟ್ಟರೆ ನಮ್ಮ ಹಳ್ಳ ಮುಗಿಯಿತು. ಟ್ಯಾಂಕು ಬರುವುದಿಲ್ಲ, ಶಾಲೆ ಮಕ್ಕಳು, ಸೊಸೈಟಿ ಅಕ್ಕಿ, ಒಂದು ಗಬ್ಬದ ದನ, ಅಷ್ಟೆ.

ಉತ್ತರ ಬರೆಯುವ ತೊಂದರೆ ಬೇಡ. ನಿನ್ನೆ ರಾತ್ರಿ ಸಂಕದ ಒಂದು ಮರ ಹೋಯಿತು. ತೋಟದಲ್ಲಿ ಗಾಳಿಗೆ ಬಿದ್ದ ಅಡಿಕೆ ಮರವಿದೆ, ಪಕ್ಕದ ಮನೆಯವರು ಕತ್ತಿ ಮಸೆಯುತ್ತಿದ್ದಾರೆ. ಶಾಲೆ ಬಿಡುವುದರೊಳಗೆ, ಒಂದೂವರೆ ತಾಸಿನಲ್ಲಿ, ಹಾಕಿಬಿಡುತ್ತೇವೆ. ತಮ್ಮ 31 ಗಂಟೆಯ ದಾಖಲೆ ಮುರಿದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಂತಿ ತಮ್ಮ ವಿಧೇಯ,
ಈಚೆ ದಡದವನು